ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ

ಬೆನ್ನಿಗೊಂದು ಚೀಲ ಬಿಗಿದುಕೊಂಡು ಗಂಡ-ಹೆಂಡಿರಿಬ್ಬರು ಉಷ್ಣವಲಯದ ಕಾಡುಮೇಡುಗಳನ್ನು ಅಲೆಯುವ ವೃತ್ತಾಂತಗಳನ್ನು ನಾವು ಬಹುಕಾಲದಿಂದ ಓದುತ್ತ ಬಂದವರು. ಹೋಗುವವರು ಪರದೇಶದವರು. ಅವರಿಗೆ ಆರಾರು ತಿಂಗಳು ರಜೆ. ನಮಗೆಲ್ಲಿಯ ಆ ಭಾಗ್ಯವೆಂದು ಪುಸ್ತಕ ಮುಚ್ಚಿಡುತ್ತಿದ್ದೆವು. ಹೀಗಿರುತ್ತ ಒಂದು ಭಾನುವಾರ ಮಗಳ ಶಾಲೆಯ ಅಟ್ಲಾಸು ಕೈಗೆ ಸಿಕ್ಕಿತು. ಬೆರಳಿಟ್ಟು ನೋಡಿದರೆ ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವುದು 23.5 ಡಿಗ್ರಿಯಲ್ಲಿ, ನಮ್ಮ ಡೊಂಬಿವಲಿ ಇರುವುದು 19 ಡಿಗ್ರಿಯ ಆಸುಪಾಸಿನಲ್ಲಿ. ಅಂದಮೇಲೆ ನಾವು ಹುಟ್ಟಿದ್ದು, ಬೆಳೆದದ್ದು, ದಿನಬೆಳಗಾದರೆ ಲೋಕಲ್ ಗಾಡಿಗೆ ಜೋತುಬೀಳುವುದು ಎಲ್ಲವೂ ಉಷ್ಣವಲಯದಲ್ಲಿಯೇ! ಹಾಗಾದರೆ ಚೀಲವೊಂದೇ ಕೊರತೆ ಎಂದಾಯಿತು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಈ ಬರಹದಲ್ಲಿ 'ನಾವು' ಎಂದರೆ ಸರಕಾರಿ ಕಚೇರಿಯ ಒಬ್ಬ ಗುಮಾಸ್ತ ಮತ್ತು ಅವನ ಮನೆಯಾಕೆ. ಗುಮಾಸ್ತ ಧಾರವಾಡದ ಕಡೆಯ ಬಯಲುಸೀಮೆಯವನು. ಮನೆಯಾಕೆ ಶಿರಸಿಯ ಮಲೆನಾಡಿನವಳು. ಎರಡು ಕಡೆ ಮಾತ್ರ 'ನಾವು' ಎಂದು ಬರೆದರೆ ಸುಳ್ಳಾಗುತ್ತದೆ. ಆ ಜಾಗ ಬಂದಾಗ ಒಪ್ಪಿಕೊಳ್ಳುತ್ತೇವೆ.

ನಮ್ಮ ವಾಸ ಡೊಂಬಿವಲಿಯ ಎಂಐಡಿಸಿ ಬಡಾವಣೆಯಲ್ಲಿ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರಲ್ಲಿ; ಅದರ ಮೊದಮೊದಲ ವಸಾಹತುಗಳಲ್ಲಿ ನಮ್ಮದೂ ಒಂದು. ಒಂದು ಕಡೆ ಮರಗಳ ನೆರಳಿನ ಮನೆಗಳು, ಮತ್ತೊಂದು ಕಡೆ ಬಣ್ಣದ ಮತ್ತು ರಸಾಯನಗಳ ಕಾರಖಾನೆಗಳು. ಗಾಳಿ ಯಾವ ದಿಕ್ಕಿನದೆಂದು ನಮ್ಮವರು ಮೂಗಿನಿಂದಲೇ ಹೇಳಬಲ್ಲರು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿದ್ದಿತೆಂದು ಪತ್ರಿಕೆಗಳಲ್ಲಿ ಬಂತು; 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಗಳೇ ಬಂದು ನೋಡಿಕೊಂಡು ಹೋದರು. ಅದರ ಬೆನ್ನಿಗೇ ಮಹಾಮಾರಿಯ ಎರಡು ವರ್ಷಗಳು ಬಂದು ನಮ್ಮನ್ನು ಮನೆಯೊಳಗೆ ಕೂಡಿಹಾಕಿದವು. ಹೀಗಾಗಿ ಬಣ್ಣವಿಲ್ಲದ ಮಳೆಯಲ್ಲಿ ಒಂದು ದಿನ ನೆನೆಯಬೇಕೆಂಬ ಆಸೆ ನಮ್ಮಲ್ಲಿ ಬಲವಾಗಿದ್ದುದು ತಪ್ಪಲ್ಲ.

ದೂರದ ಪ್ರವಾಸಕ್ಕೆ ಕೈಯಲ್ಲಿ ಹಣವಿಲ್ಲ. ರಾಜ್ಯದ ಕಚೇರಿಗಳಿಗೆ 2020ರ ಫೆಬ್ರವರಿ ಕೊನೆಯಿಂದ ವಾರಕ್ಕೆ ಐದು ದಿನದ ಕೆಲಸವಾದ್ದರಿಂದ ಶನಿವಾರ, ಭಾನುವಾರ ಕೈಯಲ್ಲಿವೆ. ಯೋಚಿಸಿ ಯೋಚಿಸಿ ನಾಣೇಘಾಟನ್ನು ಗೊತ್ತುಮಾಡಿದೆವು. ಕೊಂಕಣದಿಂದ ದಖ್ಖನ್ನಿನ ಮೇಲುಭೂಮಿಗೆ ಹತ್ತುವ ಹಳೆಯ ಕಣಿವೆದಾರಿ ಅದು. ಒಂದಾನೊಂದು ಕಾಲಕ್ಕೆ ನಮ್ಮ ಪಕ್ಕದ ಕಲ್ಯಾಣ ಹೆಸರಾದ ಬಂದರು. 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಅದರ ಹೆಸರಿದೆ. ಹಡಗಿನಿಂದಿಳಿದ ಸರಕು ಎತ್ತುಗಳ ಬೆನ್ನೇರಿ ಈ ಘಟ್ಟವನ್ನು ಹತ್ತಿ ಜುನ್ನರಕ್ಕೂ, ಅಲ್ಲಿಂದಾಚೆ ಸಾತವಾಹನರ ಪೈಠಣಕ್ಕೂ ಹೋಗುತ್ತಿತ್ತು. ಎತ್ತು ಹತ್ತಿದ ದಾರಿಯನ್ನು ಗುಮಾಸ್ತ ಹತ್ತಲಾರನೇ?

ದಿನ ಗೊತ್ತಾದದ್ದು 2022ರ ಸೆಪ್ಟೆಂಬರ್ 17, ಶನಿವಾರ. ಅಮ್ಮನಿಗೆ ಹೇಳಿದಾಗ ಅವರು ಪಂಚಾಂಗ ನೋಡಿ, "ಪಕ್ಷಮಾಸದಾಗ ಯಾರರ ಗುಡ್ಡಾ ಏರತಾರೇನೋ? ಹಿರ್ಯಾರ ದಿವಸ ಇವು. ಮನ್ಯಾಗ ಸುಮ್ಮನ ಕೂಡ್ರಬಾರದ?" ಎಂದರು. ಮಗಳನ್ನು ಅವರ ಬಳಿ ಬಿಟ್ಟು ಹೋಗುವುದೆಂದೂ, ರಾತ್ರಿ ಒಂಬತ್ತರೊಳಗೆ ಮರಳುವುದೆಂದೂ ಒಪ್ಪಂದವಾಯಿತು.

ಸಿದ್ಧತೆ ಕಚೇರಿಯ ಕ್ರಮದಲ್ಲಿಯೇ ನಡೆಯಿತು. ಗುಮಾಸ್ತ ಕ್ರಮಾಂಕ ಹಾಕಿ 27 ಸಾಮಾನುಗಳ ಪಟ್ಟಿ ಮಾಡಿದ. ಅವಲಕ್ಕಿ, ಚಟ್ನಿಪುಡಿ, ಚಪಾತಿ, ಬ್ಯಾಟರಿ, ಔಷಧ, ನಾಲ್ಕು ಬಾಟಲಿ ನೀರು, ಕೊನೆಗೆ 27ನೆಯದಾಗಿ ಹಗ್ಗ. ಮನೆಯಾಕೆ 28 ಎಂದು ಬರೆದು 'ಕೊಡೆ' ಎಂದು ಸೇರಿಸಿದಳು. ಬಾಗಿದ ಹಿಡಿಯ ಕರಿಯ ಕೊಡೆ, ಅವಳ ತವರಿನದು. ಬೆನ್ನುಚೀಲದ ಪ್ರವಾಸಿಗಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಯಾವ ಪುಸ್ತಕದಲ್ಲಿಯೂ ಓದಿಲ್ಲವೆಂದು ಗುಮಾಸ್ತ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ಬೆಳಿಗ್ಗೆ ಹೊರಡುವಾಗ ನೋಡಿದರೆ ಕೊಡೆ ಅವಳ ಕೈಯಲ್ಲಿದೆ. "ಇದು ಪಟ್ಟಿಯಲ್ಲಿಲ್ಲ, ನನ್ನ ಕೈಯಲ್ಲಿದೆ ಮಾರಾಯ್ರೆ" ಎಂದಳು.

ನೆರೆಯ ಕಾಲೇಜು ಹುಡುಗನಿಂದ ಕಡ ತಂದ ದೊಡ್ಡ ಚೀಲ ಕಲ್ಯಾಣದ ಎಸ್.ಟಿ. ನಿಲ್ದಾಣದಲ್ಲಿಯೇ ತನ್ನ ಗುಣ ತೋರಿಸಿತು. ಬಸ್ಸಿಗೆ ಏರುವ ಗದ್ದಲದಲ್ಲಿ ಅದರ ಜಿಪ್ಪು ಬಾಯ್ಬಿಟ್ಟು ಅರ್ಧ ಕಿಲೋ ಅವಲಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. ನಿಲ್ದಾಣದ ಪಾರಿವಾಳಗಳಿಗೆ ಪಕ್ಷದ ಸಂತರ್ಪಣೆಯಾಯಿತು. ಚೀಲಕ್ಕೆ ಹೊರಗಿನಿಂದ ಟವೆಲು ಸುತ್ತಿ ಕಟ್ಟಿದೆವು.

ಕಲ್ಯಾಣದಿಂದ ನಗರದ ಕಡೆಗೆ, ಎಂದರೆ ಈಗ ಅಹಿಲ್ಯಾನಗರವೆಂದು ಹೆಸರು ಬದಲಾದ ಊರಿನ ಕಡೆಗೆ, ಹೋಗುವ ಹೆದ್ದಾರಿಯಲ್ಲಿ ಮುರಬಾಡ, ಸರಳಗಾವ, ಟೋಕಾವಡೆ ದಾಟಿ, ಸುಮಾರು 60 ಕಿಲೋಮೀಟರು ಹೋದರೆ ವೈಶಾಖರೆ ಎಂಬ ಹಳ್ಳಿ. ಘಟ್ಟದ ಬುಡ ಅದೇ. ಮುರಬಾಡ ದಾಟುತ್ತಲೇ ಗಾಳಿಯ ವಾಸನೆ ಬದಲಾಯಿತು. ಹಸಿಯ ಹುಲ್ಲು, ಒದ್ದೆ ಮಣ್ಣು. ಆ ಸುಖಕ್ಕೆ ನಾವಿಬ್ಬರೂ ಚೆನ್ನಾಗಿ ನಿದ್ರೆ ಹೋದೆವು. ಕಣ್ಣು ಬಿಟ್ಟಾಗ ಬಸ್ಸು ವೈಶಾಖರೆಯನ್ನು ಬಿಟ್ಟು ಮಾಳಶೇಜ ಘಟ್ಟದ ಕಡೆಗೆ ಓಡುತ್ತಿತ್ತು. ಕೂಗಿ ನಿಲ್ಲಿಸಿ ಇಳಿದು, ಬಂದ ದಾರಿಯಲ್ಲಿಯೇ ಒಂದು ತಾಸು ಹಿಂದಕ್ಕೆ ನಡೆದೆವು. ಎಂಟಕ್ಕೆ ಹತ್ತಲು ತೊಡಗಬೇಕಾದವರು ತೊಡಗಿದ್ದು ಹತ್ತು ದಾಟಿದ ಮೇಲೆ. ಈ ಎರಡು ತಾಸುಗಳನ್ನು ಓದುಗರು ನೆನಪಿನಲ್ಲಿಡಬೇಕು.

ಮೊದಲಿಗೆ ಸಮತಟ್ಟಾದ ಕಾಡು. ನಡುವೆ ಒಂದು ಹಳ್ಳ. ಹಿಮ್ಮಡಿ ನೆನೆಯುವಷ್ಟು ತಿಳಿನೀರು. ಚಪ್ಪಲಿ ಕೈಯಲ್ಲಿ ಹಿಡಿದು ಮಕ್ಕಳಂತೆ ದಾಟಿದೆವು. ಆಮೇಲೆ ಏರು. ಕಲ್ಲಿನ ಮೆಟ್ಟಿಲಿನಂಥ ದಾರಿ, ಪಾಚಿ, ಬೆವರು. ಬಯಲುಸೀಮೆಯ ಗುಮಾಸ್ತ ಪ್ರತಿ ನೂರು ಹೆಜ್ಜೆಗೊಮ್ಮೆ ನಿಸರ್ಗಸೌಂದರ್ಯವನ್ನು ನೋಡಲು ನಿಂತ. ಮಲೆನಾಡಿನ ಮನೆಯಾಕೆ ಕೊಡೆಯನ್ನು ಊರಿಕೊಂಡು ಒಂದೇ ಸಮನೆ ಹತ್ತಿದಳು. ಎಡಕ್ಕೆ ನೆತ್ತಿಯ ಮೇಲೆ ಹೆಬ್ಬೆರಳಿನಂತೆ ನಿಂತ ಬಂಡೆ. ಅದನ್ನು ಇಲ್ಲಿಯವರು 'ನಾನಾಚಾ ಅಂಗಠಾ' ಎನ್ನುತ್ತಾರೆ.

ಒಂದು ಗಂಟೆಯ ಹೊತ್ತಿಗೆ ಗುಹೆಯ ಮುಂದೆ ಬಂದು ನಿಂತೆವು. ಬಂಡೆಯನ್ನು ಕೊರೆದು ಮಾಡಿದ ಚೌಕನೆಯ ಕೋಣೆ. ಮೂರು ಗೋಡೆಗಳಿಗೂ ಕಲ್ಲಿನ ಜಗಲಿ. ಹಿಂದಿನ ಗೋಡೆಯಲ್ಲಿ ಒಂದು ಕಾಲಕ್ಕೆ ರಾಜಮನೆತನದವರ ಉಬ್ಬುಶಿಲ್ಪಗಳಿದ್ದವು. ಈಗ ಉಳಿದದ್ದು ಪಾದಗಳ ಗುರುತು ಮತ್ತು ಮೇಲೆ ಕೊರೆದ ಹೆಸರುಗಳು: ಸಿಮುಕ ಸಾತವಾಹನ, ದೇವಿ ನಾಯನಿಕಾ, ರಾಜ ಸಿರಿ ಸಾತಕಣಿ. ಎಡಬಲದ ಗೋಡೆಗಳ ತುಂಬ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಇಂಗ್ಲಿಷರಲ್ಲಿ ಸೈಕ್ಸ್ ಎಂಬ ಅಧಿಕಾರಿ 1828ರಲ್ಲಿ ಇದನ್ನು ಕಂಡು ಲೋಕಕ್ಕೆ ತಿಳಿಸಿದ. ಮುಂದೆ ಭಗವಾನಲಾಲ ಇಂದ್ರಜಿ, ಬ್ಯೂಲರ್ ಮೊದಲಾದ ವಿದ್ವಾಂಸರು ಓದಿ ಅರ್ಥ ಹೇಳಿದರು. ಕ್ರಿಸ್ತಪೂರ್ವ 2ನೇ ಅಥವಾ 1ನೇ ಶತಮಾನದ ಬರಹವೆಂದು ಎಣಿಕೆ. ನಾವು ಪೂಜೆಯ ಸಂಕಲ್ಪದಲ್ಲಿ ಹೇಳುವ 'ಶಾಲಿವಾಹನ ಶಕ'ದ ಹೆಸರಿನ ಹಿಂದೆ ಇರುವವರು ಇದೇ ಸಾತವಾಹನರೆಂದು ಬಲ್ಲವರು ಹೇಳುತ್ತಾರೆ; ಆದರೆ 78ರಿಂದ ಎಣಿಸುವ ಆ ಶಕೆ ಈ ಬರಹಕ್ಕಿಂತ ಈಚಿನದು. "ಇವರ ಶಾಸನ ನಮ್ಮ ಬನವಾಸಿಯಲ್ಲೂ ಉಂಟು" ಎಂದು ಮನೆಯಾಕೆ ತವರಿನ ಅಭಿಮಾನ ಬಿಡದೆ ನುಡಿದಳು. ಅದು ನಿಜವೇ. ಬನವಾಸಿಯಲ್ಲಿ ಒಬ್ಬ ಸಾತವಾಹನ ಅರಸನ ರಾಣಿಯ ನೆನಪಿನ ಕಲ್ಲು ಸಿಕ್ಕಿದೆ.

ಗೋಡೆಯ ಮೇಲಿರುವುದು ಮುಖ್ಯವಾಗಿ ಲೆಕ್ಕ. ಅಶ್ವಮೇಧ, ರಾಜಸೂಯ ಮೊದಲಾದ ಯಜ್ಞಗಳಲ್ಲಿ ಎಷ್ಟು ಹಸು, ಎಷ್ಟು ಕುದುರೆ, ಎಷ್ಟು ಕಾರ್ಷಾಪಣ ನಾಣ್ಯ ದಕ್ಷಿಣೆಯಾಗಿ ಹೋಯಿತೆಂಬ ಪಟ್ಟಿ. ನಮ್ಮ ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ಅಂಕಿಗಳಲ್ಲಿ ಇವು ಸೇರುತ್ತವೆ. ಆಗ ಸೊನ್ನೆಯಿಂದ ಸ್ಥಾನ ತೋರಿಸುವ ರೂಢಿಯಿರಲಿಲ್ಲ; ಹತ್ತಕ್ಕೊಂದು, ನೂರಕ್ಕೊಂದು, ಸಾವಿರಕ್ಕೊಂದು ಬೇರೆ ಬೇರೆ ಗುರುತು. ಗುಮಾಸ್ತ ಇದನ್ನು ವಿವರಿಸುತ್ತ, ಇದನ್ನೆಲ್ಲ ಬರೆಯಿಸಿದವಳು ರಾಣಿ ನಾಗನಿಕಾ, ಸಾತಕರ್ಣಿಯ ಹೆಂಡತಿ, ಎಂಬುದು ಹೆಚ್ಚಿನ ವಿದ್ವಾಂಸರ ಮತವೆಂದು ಹೇಳಿದ. ಮನೆಯಾಕೆ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ಯಜ್ಞ ಇಬ್ಬರದು. ಲೆಕ್ಕ ಇಟ್ಟವಳು ಮಾತ್ರ ಅವಳು" ಎಂದಳು. ನಮ್ಮ ಮನೆಯ ಜಮಾಖರ್ಚಿನ ಪುಸ್ತಕ ಬರೆಯುವವಳೂ ಇವಳೇ ಎಂಬುದನ್ನು ಗುಮಾಸ್ತ ಆಗ ನೆನೆಯಲಿಲ್ಲ, ಆಮೇಲೆ ನೆನೆದ.

ಗುಹೆಯಿಂದ ಮೇಲಕ್ಕೆ ಬಂಡೆಯನ್ನು ಸೀಳಿದ ಇಕ್ಕಟ್ಟಾದ ಓಣಿ. ಅದು ಮುಗಿದಲ್ಲಿ ಒಂದು ದೊಡ್ಡ ಕಲ್ಲಿನ ಹರವಿ. ಘಟ್ಟ ಹತ್ತಿದ ವ್ಯಾಪಾರಿಗಳು ಸುಂಕದ ನಾಣ್ಯಗಳನ್ನು ಇದರಲ್ಲಿ ಹಾಕಬೇಕಾಗಿತ್ತೆಂದೂ, ಅದಕ್ಕೇ ನಾಣೇಘಾಟ ಎಂಬ ಹೆಸರೆಂದೂ ಲೋಕರೂಢಿ. ಗುಮಾಸ್ತನಿಗೆ ಅದನ್ನು ಕಂಡು ಸ್ವಜಾತಿಯವರನ್ನು ಕಂಡಷ್ಟು ಸಂತೋಷ. ಆದರೆ ಆಚೆಗೆ ಕಾಲಿಡುತ್ತಲೇ ಮುಖ ಬಾಡಿತು. ಜುನ್ನರದ ಕಡೆಯಿಂದ ಇಲ್ಲಿಯ ತನಕ ಡಾಂಬರು ರಸ್ತೆ! ಮೋಟಾರಿನಲ್ಲಿ ಬಂದ ಕುಟುಂಬಗಳು ಸುಟ್ಟ ಮೆಕ್ಕೆಜೋಳ ತಿನ್ನುತ್ತ ನಮ್ಮ ಟವೆಲು ಸುತ್ತಿದ ಚೀಲವನ್ನು ಕುತೂಹಲದಿಂದ ನೋಡಿದವು.

ಅಂಚಿನಲ್ಲಿ ಆ ಹೆಸರಾದ ನೋಟ: ಮೇಲಕ್ಕೆ ಬೀಳುವ ಜಲಪಾತ. ಅರಬ್ಬೀ ಸಮುದ್ರದಿಂದ ಬೀಸಿ ಬಂದ ಮಳೆಗಾಳಿಗೆ ಈ ಗೋಡೆಯಂಥ ಕಡಿದು ಅಡ್ಡ ಬಂದು, ಅದು ನೇರ ಮೇಲಕ್ಕೆ ನುಗ್ಗುತ್ತದೆ. ಬೀಳಹೊರಟ ನೀರನ್ನು ಹೊತ್ತು ತಂದು ನೋಡುವವರ ಮುಖಕ್ಕೇ ಎರಚುತ್ತದೆ. ಮನೆಯಾಕೆ ಕೊಡೆ ಬಿಚ್ಚಿದಳು. ಗಾಳಿ ಅದನ್ನು ಕ್ಷಣಾರ್ಧದಲ್ಲಿ ಮಗುಚಿ ಎರಡು ಕಡ್ಡಿ ಮುರಿಯಿತು. ಗುಮಾಸ್ತ ನಕ್ಕ. ಅವಳು ನಗಲಿಲ್ಲ, ಪಡುವಣದ ಮೋಡ ನೋಡುತ್ತಿದ್ದಳು. "ಗಾಳಿಯ ಬುಡ ತಣ್ಣಗಾಗಿದೆ. ದೊಡ್ಡ ಮಳೆ ಬರುತ್ತದೆ. ಈಗಲೇ ಇಳಿಯೋಣ, ಇಲ್ಲವೇ ಈ ರಸ್ತೆಯಲ್ಲಿ ಜುನ್ನರಕ್ಕೆ ಹೋಗೋಣ" ಎಂದಳು. ಗಂಟೆ ಎರಡೂವರೆ.

ಸುಳ್ಳಾಗುವ ಮೊದಲ ಜಾಗ ಇದು. "ನಾವು ಇನ್ನೊಂದು ತಾಸು ಇದ್ದು ಹೋಗುವುದೆಂದು ನಿಶ್ಚಯಿಸಿದ್ದೇವೆ" ಎಂದು ಗುಮಾಸ್ತ ಕಚೇರಿಯ ಪತ್ರದ ಭಾಷೆಯಲ್ಲಿ ನಗುತ್ತ ಹೇಳಿದ. ನಿಶ್ಚಯಿಸಿದವನು ಅವನೊಬ್ಬನೇ.

ನಾಲ್ಕಕ್ಕೆ ಮಳೆ ಹಿಡಿಯಿತು. ಮಂಜು ಬಂದು ಹತ್ತು ಮಾರು ದೂರದ ಮರ ಮಾಯವಾಯಿತು. ಮೆಟ್ಟಿಲುಗಳೆಲ್ಲ ಹರಿಯುವ ನೀರು. ಕುಳಿತು, ತೆವಳಿ, ಒಬ್ಬರನ್ನೊಬ್ಬರು ಹಿಡಿದು ಇಳಿದೆವು. ಒಂದು ಕವಲಿನಲ್ಲಿ ದಾರಿ ತಪ್ಪಿ ಅರ್ಧ ತಾಸು ಕಳೆಯಿತು. ಬೆಳಗಿನ ಹಳ್ಳದ ದಡಕ್ಕೆ ಬರುವಾಗ ಆರು ಆಗಲು ಬಂದಿತ್ತು.

ಅದು ಬೆಳಗಿನ ಹಳ್ಳವಾಗಿರಲಿಲ್ಲ. ಕೆಂಪು ನೀರು, ತೇಲಿ ಬರುವ ಎಲೆಕಡ್ಡಿ, ಒಳಗೆ ಕಲ್ಲು ಉರುಳುವ ಸದ್ದು. ಮನೆಯಾಕೆ ಒಂದು ಕೋಲು ಮುರಿದು ನೀರಿನ ಅಂಚಿನಲ್ಲಿ ನೆಟ್ಟಳು. "ಕೋಲು ಮುಳುಗಿದರೆ ಏರುತ್ತಿದೆ ಎಂದು ಅರ್ಥ. ಗುಡ್ಡದ ನೀರು ಬಂದಷ್ಟೇ ಬೇಗ ಇಳಿಯುತ್ತದೆ. ಕಾಯಬೇಕು" ಎಂದಳು. ಹತ್ತು ನಿಮಿಷದಲ್ಲಿ ಕೋಲು ಮುಳುಗಿತು. ಗುಮಾಸ್ತನ ಕಣ್ಣು ಕೈಗಡಿಯಾರದ ಮೇಲೆ. ಬಸ್ಸು ತಪ್ಪುತ್ತದೆ, ಅಮ್ಮ ಬಾಗಿಲಲ್ಲಿ ಕೂತಿರುತ್ತಾರೆ, ಮಗಳು ಮಲಗಿರುವುದಿಲ್ಲ.

'ನಾವು ನೀರಿಗಿಳಿದೆವು' ಎಂದು ಬರೆಯಲು ಕೈ ಹೋಗುತ್ತದೆ. ಅದೂ ಸುಳ್ಳು. ಅವಳು ಬೇಡವೆಂದು ತೋಳು ಹಿಡಿದಳು. ಗುಮಾಸ್ತ ಬಿಡಿಸಿಕೊಂಡು ಇಳಿದ. ಮೂರನೆಯ ಹೆಜ್ಜೆಗೆ ನೀರು ತೊಡೆಗೆ ಬಂತು, ನಾಲ್ಕನೆಯದಕ್ಕೆ ಕಾಲ ಕೆಳಗಿನ ಕಲ್ಲು ಉರುಳಿತು. ಬೆನ್ನಿನ ಚೀಲ ನೀರು ಕುಡಿದು ಆಳನ್ನು ಹಿಂದಕ್ಕೆ ಎಳೆಯಿತು. ನಾಲ್ಕಾರು ಮಾರು ಕೊಚ್ಚಿಕೊಂಡು ಹೋಗಿ ಒಂದು ಬಂಡೆಗೆ ಎದೆ ಬಡಿದು ನಿಂತ. ದಡದಿಂದ ಅವಳು ಕೂಗಿದ್ದು ನೀರಿನ ಸದ್ದಿನಲ್ಲಿಯೂ ಕೇಳಿಸಿತು: "ಚೀಲ ಬಿಡಿ! ಚೀಲ ಬಿಡಿ!" ಪಟ್ಟಿ ಕಳಚಿದ. ಚೀಲ ಹೋಯಿತು. ಅದರೊಳಗೆ 27ನೆಯ ಸಾಮಾನಾದ ಹಗ್ಗವೂ ಹೋಯಿತು.

ಅವಳು ದಡದಗುಂಟ ಓಡಿ ಬಂದು, ಒಂದು ಮರದ ಬೇರನ್ನು ಎಡಗೈಯಿಂದ ಹಿಡಿದು ಬಾಗಿ, ಮುರಿದ ಕೊಡೆಯನ್ನು ಮಡಿಸಿ ಅದರ ಬಾಗಿದ ಹಿಡಿಯನ್ನು ಚಾಚಿದಳು. ಮೊದಲ ಸಲ ಕೈಗೆ ನಿಲುಕಲಿಲ್ಲ. ಎರಡನೆಯ ಸಲ ಹಿಡಿ ಮಣಿಕಟ್ಟಿಗೆ ಸಿಕ್ಕಿತು. ಆಕೆಯ ಶಕ್ತಿ ಎಷ್ಟೆಂದು ಹನ್ನೊಂದು ವರ್ಷದ ಸಂಸಾರದಲ್ಲಿ ಗುಮಾಸ್ತನಿಗೆ ತಿಳಿದದ್ದು ಅಂದೇ. ದಡಕ್ಕೆ ಬಂದ ಮೇಲೆ ಅವಳು ಏನೂ ಅನ್ನಲಿಲ್ಲ. ಒಂದು ಬೈಗುಳವೂ ಇಲ್ಲ. ಕೊಡೆಯನ್ನು ಹಿಡಿದ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಗುಮಾಸ್ತನ ಬಲಗಾಲಿನ ಕೀಲು ಉಳುಕಿ ಕುಂಬಳಕಾಯಿಯಾಗಿತ್ತು.

ಏಳರ ಸುಮಾರಿಗೆ ಮಳೆ ನಿಂತಿತು. ಆಮೇಲೆ ಅವಳು ಹೇಳಿದಂತೆಯೇ ನೀರು ಇಳಿಯತೊಡಗಿ, ಕತ್ತಲಲ್ಲಿ ತಡವಿ ನೋಡಿದರೆ ನೆಟ್ಟ ಕೋಲಿನ ತುದಿ ಕೈಗೆ ಹತ್ತಿತು. ಆಗಲೇ ಆಚೆ ದಡದಲ್ಲಿ ಬ್ಯಾಟರಿಯ ಬೆಳಕು ಕಂಡಿತು. ತಪ್ಪಿಸಿಕೊಂಡ ಕರುವನ್ನು ಹುಡುಕಿಕೊಂಡು ಬಂದ ಒಬ್ಬ ಮುದುಕಿ ಮತ್ತು ಆಕೆಯ ಮಗ. ಮುದುಕಿಯ ಬೆನ್ನ ಮೇಲೆ ಬಿದಿರು ಮತ್ತು ಎಲೆಗಳಿಂದ ಹೆಣೆದ ಮಳೆಗವಚ. ಇಲ್ಲಿ 'ಇರಲೆ' ಎನ್ನುತ್ತಾರೆ. ಅದನ್ನು ಕಂಡು ಮನೆಯಾಕೆ, "ನಮ್ಮೂರ ಗೊರಬು!" ಎಂದಳು, ಎಂದವಳೇ ಅಲ್ಲಿಯ ತನಕ ತಡೆಹಿಡಿದಿದ್ದ ಅಳುವನ್ನು ಬಿಟ್ಟಳು.

ಮಗ ದಾಟಿ ಬಂದು ಗುಮಾಸ್ತನನ್ನು ಹೆಗಲಿಗೆ ಆನಿಸಿಕೊಂಡ. ಆ ರಾತ್ರಿ ಅವರ ಮನೆಯಲ್ಲಿಯೇ ತಂಗಿದೆವು. ಹಾಲಿಲ್ಲದ ಚಹಾ, ರಾಗಿಯ ಭಾಕರಿ, ಮೆಣಸಿನಕಾಯಿ ಖಾರ. ಕಾಲಿಗೆ ಬಿಸಿ ಅರಿಶಿನದ ಲೇಪ ಹಾಕುತ್ತ ಮುದುಕಿ ಮರಾಠಿಯಲ್ಲಿ ಬೈದದ್ದರ ಸಾರಾಂಶವಿಷ್ಟು: ಹಳ್ಳ ಯಾರಿಗಾಗಿಯೂ ಕಾಯುವುದಿಲ್ಲ, ಹಳ್ಳಕ್ಕಾಗಿ ನಾವೇ ಕಾಯಬೇಕು, ಹೆಂಡತಿಗೆ ತಿಳಿದಷ್ಟು ಈ ಓದಿದವನಿಗೆ ತಿಳಿಯಲಿಲ್ಲವೇ? ಬಿ.ಎ. ಪದವೀಧರ ತಲೆತಗ್ಗಿಸಿ ಕೇಳಿದ. ನಮ್ಮ ಫೋನುಗಳೆರಡೂ ನೀರು ಕುಡಿದಿದ್ದವು. ಮಗನ ಫೋನಿನಿಂದ ಮನೆಗೆ ಮಾತಾಡಿದೆವು. ಅತ್ತ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಬ್ಬರೂ ಇದ್ದೀರಲ್ಲ? ಸಾಕು" ಎಂದು ಫೋನು ಇಟ್ಟರು.

ಮರುದಿನ ಬೆಳಿಗ್ಗೆ ಹೊರಡುವಾಗ ಹಣ ಕೊಡಹೋದರೆ ಮುದುಕಿ ಸಿಟ್ಟಾದಳು. ಮನೆಯಾಕೆಯ ಪುಟ್ಟ ಚೀಲದಲ್ಲಿ ಉಳಿದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ತೆಗೆದುಕೊಂಡಳು. ದೀಪಾವಳಿಯ ಮರುವಾರ ಅದೇ ಬಸ್ಸಿನಲ್ಲಿ ಅಮ್ಮ, ಮಗಳು ಸಮೇತ ಮತ್ತೆ ಹೋಗಿ, ಒಂದು ಸೀರೆಯನ್ನೂ ಇನ್ನೊಂದು ಡಬ್ಬಿ ಚಟ್ನಿಪುಡಿಯನ್ನೂ ಕೊಟ್ಟು ಬಂದೆವು. ಅಂದು ಹಳ್ಳದಲ್ಲಿ ಹಿಮ್ಮಡಿ ನೆನೆಯುವಷ್ಟೇ ನೀರಿತ್ತು. ಮಗಳು ಅದರಲ್ಲಿ ಏಡಿ ಹಿಡಿಯಲು ಆಡಿದಳು. ಗುಮಾಸ್ತ ದಡದಲ್ಲಿಯೇ ಕುಳಿತ.

ನಮ್ಮ ಸಂಘದ ಬಂಧುಗಳಲ್ಲಿ ಹೋಗಬಯಸುವವರಿಗೆ ಎರಡು ಮಾತು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ದಾರಿ ಸುರಕ್ಷಿತ, ಗುಹೆಯ ಅಕ್ಷರಗಳೂ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಮಳೆಗಾಲದಲ್ಲಿಯೇ ಹೋಗಬೇಕೆನ್ನುವವರು ಮೊದಲು ಜಿಲ್ಲಾಡಳಿತದ ನಿರ್ಬಂಧ ಇದೆಯೇ ವಿಚಾರಿಸಬೇಕು. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ಎಂಟಕ್ಕೆ ಹತ್ತಲು ತೊಡಗಿ ಮಧ್ಯಾಹ್ನವೇ ಇಳಿಯಬೇಕು. ಹಳ್ಳ ಕೆಂಪಾಗಿದ್ದರೆ ಕೋಲು ನೆಟ್ಟು ಕಾಯಬೇಕು. ಹಗ್ಗವನ್ನು ಚೀಲದ ಹೊರಗೆ ಕಟ್ಟಬೇಕು. ವೃದ್ಧರು, ಮಕ್ಕಳು ಜುನ್ನರದ ರಸ್ತೆಯಿಂದ ಹೋಗಿ ಗುಹೆಯನ್ನು ನೋಡಿ ಬರಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ಆ ಮೇಲೆ ನಾವು ಮತ್ತೆರಡು ಪ್ರವಾಸ ಮಾಡಿದ್ದೇವೆ. ಪಟ್ಟಿ ಈಗಲೂ ಗುಮಾಸ್ತನೇ ಬರೆಯುತ್ತಾನೆ. ಆದರೆ ಕೆಂಪು ಶಾಯಿ ಮನೆಯಾಕೆಯ ವಶದಲ್ಲಿದೆ. ಕೊಡೆಯನ್ನು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ರಿಪೇರಿ ಮಾಡಿಸಿದೆವು. ಹೊಸ ಕಡ್ಡಿ ಎರಡು, ಖರ್ಚು ರೂ. 60. ಜಮಾಖರ್ಚಿನ ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಅವಳು ಅದನ್ನು ಬರೆದಿಟ್ಟಿದ್ದಾಳೆ.